ಕೈ ಸುಮ್ಮನಿದ್ದಾಗ

ಬೆಳಗಾದರೆ ನಮ್ಮ ಓಣಿಯಲ್ಲಿ ಮೊದಲು ಕೇಳುವ ಕೂಗು ಹಾಲಿನವನದಲ್ಲ. "ಯಾರಾದ್ರೂ ಕಣ್ಣ ಕೊಡ್ರೀ" ಎಂಬುದು. ಚಹಕ್ಕೆ ನೀರಿಟ್ಟ ಹೆಂಗಸು ಕೂಗುತ್ತಾಳೆ, ಹಲಗೆ ಹೆರೆಯಲು ಕುಳಿತ ಬಡಗಿ ಕೂಗುತ್ತಾನೆ. ಎದುರು ಮನೆಯವರು ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕುತ್ತಲೇ ಬಂದು ಹೊಸ್ತಿಲ ಮೇಲೆ ಕೂರುತ್ತಾರೆ, ಚಹ ಇಳಿಸುವವರೆಗೆ ನೋಡುತ್ತಾರೆ, ಎದ್ದು ಹೋಗುತ್ತಾರೆ. ಇನ್ನೊಬ್ಬರ ಕಣ್ಣಿಲ್ಲದೆ ನಮ್ಮೂರಲ್ಲಿ ಮಾಡಿದ್ದು ಯಾವುದೂ ನಿಲ್ಲುವುದಿಲ್ಲ. ನಡುವೆ ಎದ್ದರೆ ಚಹ ಉಳಿಯುವುದಿಲ್ಲ. ನೀರು ನೀರಾಗಿ, ಪುಡಿ ಪುಡಿಯಾಗಿ ಪಾತ್ರೆಯ ತಳದಲ್ಲಿ ಬೇರೆ ಬೇರೆ ಕೂತುಬಿಡುತ್ತವೆ. ಹೊರಗಿನಿಂದ ಸೊಸೆಯರಾಗಿ ಬಂದವರು ಮೊದಮೊದಲು ಇದನ್ನು ಕಂಡು ಅಳುತ್ತಾರೆ. ವರ್ಷ ತಿರುಗುವುದರೊಳಗೆ ಅವರ ಕೂಗೇ ಎಲ್ಲರಿಗಿಂತ ಗಟ್ಟಿಯಾಗಿರುತ್ತದೆ.

ಕಣ್ಣು ಕೊಟ್ಟವರಿಗೆ ಕಣ್ಣನ್ನು ತಿರುಗಿ ಕೊಡಬೇಕು. ಅದಕ್ಕೆ ಮರುಕಣ್ಣು ಎನ್ನುತ್ತೇವೆ. ನೀವು ಪಕ್ಕದ ಮನೆಯ ಕಾಶವ್ವನ ಹಪ್ಪಳಕ್ಕೆ ಕುಳಿತರೆ ಕಾಶವ್ವ ನಿಮ್ಮ ಸಾರಿಗೆ ಬಂದು ಕೂರುತ್ತಾಳೆ. ಒಂದು ಕೆಲಸಕ್ಕೆ ಒಂದು ಕೆಲಸ, ಹೆಚ್ಚಿಲ್ಲ, ಕಡಿಮೆಯಿಲ್ಲ. ಗಂಡಹೆಂಡತಿಯ ನಡುವೆ ಮಾತ್ರ ಈ ಲೆಕ್ಕವಿಲ್ಲ.

ನನ್ನ ಹೆಂಡತಿ ನೀಲಗಂಗವ್ವ ಲಿಂಗೈಕ್ಯಳಾದ ಮೇಲೆ ಒಂದು ಸುಗ್ಗಿ ಕಳೆದುಹೋಗಿತ್ತು. ನಮಗೆ ಮಕ್ಕಳಿಲ್ಲ. ಎಣ್ಣೆ ಗಿರಣಿಯ ಹಿಂದಿನ ಸಾಲುಮನೆಗಳಲ್ಲಿ ಎರಡು ಖೋಲಿ ನಮ್ಮದು, ಬಾಡಿಗೆಯದು. ನಾನು ಮಠಕ್ಕೆ ವಿಭೂತಿ ಮಾಡಿಕೊಡುತ್ತಿದ್ದವನು. ನಾನು ಬೂದಿ ಸೋಸಿ, ಕಲಸಿ, ಗಟ್ಟಿ ಕಟ್ಟುವಾಗ ಆಕೆ ಎದುರಿಗೆ ಕೂರುತ್ತಿದ್ದಳು. ಆಕೆ ರೊಟ್ಟಿ ಬಡಿಯುವಾಗ ನಾನು ಕೂರುತ್ತಿದ್ದೆ. ಹೀಗೆ ಜೀವಮಾನ ಸವೆಯಿತು.

ಆಕೆಯನ್ನು ಮಣ್ಣಿಗಿಟ್ಟು ಬಂದು, ನೆಂಟರೆಲ್ಲ ಹೊರಟುಹೋದ ಮೇಲೆ, ಮೊದಲ ಬಾರಿಗೆ ಒಬ್ಬನೇ ಒಲೆ ಹಚ್ಚಿದೆ. ರೊಟ್ಟಿ ಹಂಚಿನ ಮೇಲೆ ಚೆನ್ನಾಗಿಯೇ ಉಬ್ಬಿತು. ತಾಟಿಗೆ ಹಾಕಿಕೊಂಡು ಶಿವನನ್ನು ನೆನೆದು ಮುರಿಯಲು ಹೋದರೆ ಬೆರಳಿಗೆ ಹಿಟ್ಟು ಹತ್ತಿತು. ಗೊತ್ತಿದ್ದದ್ದೇ. ಆದರೂ ಮರುದಿನ ಮತ್ತೆ ಬಡಿದೆ, ಅದರ ಮರುದಿನವೂ ಬಡಿದೆ. ಶಿವನ ಕಣ್ಣು ಎಲ್ಲದರ ಮೇಲೂ ಇದೆ ಎಂದು ನಂಬಿ ಬೆಳೆದವನು ನಾನು. ಆ ಒಂದು ಕಣ್ಣು ಒಂದು ರೊಟ್ಟಿಗೆ ಸಾಲದೇ ಎಂದು ಮನಸ್ಸು ಕೇಳುತ್ತಿತ್ತು. ಸಾಲಲಿಲ್ಲ. ಮಠಕ್ಕೆ ಹೋಗಿ ಅಯ್ಯನವರ ಮುಂದೆ ಹೇಳಿಕೊಂಡೆ.

"ನೋಡ್ತಾನ ಗುರುಪಾದಪ್ಪ, ಯಾವಾಗ್ಲೂ ನೋಡ್ತಾನ. ಹಂಗಂತ ನಿಮ್ಮ ಓಣಿ ಕಾಶವ್ವ ಮಾಡೋ ಕೆಲಸಾನೂ ಆತನ ತಲಿ ಮ್ಯಾಲ ಹೊರಿಸಿದ್ರ ಹೆಂಗ?" ಎಂದು ಅಯ್ಯನವರು ನಕ್ಕರು. ನನಗೆ ನಗು ಬರಲಿಲ್ಲ. ಅಂದಿನಿಂದ ಎರಡು ಹೊತ್ತೂ ಮಠದ ದಾಸೋಹದಲ್ಲಿ ಉಣ್ಣತೊಡಗಿದೆ. ಪಂಕ್ತಿಯಲ್ಲಿ ನನ್ನ ಹಾಗೆ ಒಂಟಿ ಒಲೆಯವರು ಹಲವರಿದ್ದರು. ಯಾರೂ ಒಬ್ಬರಿಗೊಬ್ಬರು ಕಣ್ಣೆತ್ತಿ ನೋಡುತ್ತಿರಲಿಲ್ಲ.

ಕಾಶವ್ವನನ್ನು ಕರೆಯಬಾರದಿತ್ತೇ ಎಂದು ನೀವು ಕೇಳಬಹುದು. ಕರೆಯಲು ನನ್ನಲ್ಲಿ ಕೊಡುವುದಕ್ಕೇನಿತ್ತು? ಹೆಂಡತಿ ತೀರಿಹೋದ ತಿಂಗಳಲ್ಲೇ ನಾನು ಕಾಶವ್ವನ ಹಪ್ಪಳಕ್ಕೆ ಕಣ್ಣು ಕೊಟ್ಟಿದ್ದೆ. ಅವಳು ಲಟ್ಟಿಸುತ್ತಿದ್ದಂತೆ ನನ್ನ ಮನಸ್ಸು ಎತ್ತಲೋ ಹೋಯಿತು. ಒಣಗಿದ ಮೇಲೆ ನೋಡಿದರೆ ಒಂದೊಂದು ಹಪ್ಪಳದ ನಡುವೆಯೂ ಬೆರಳು ತೂರುವಷ್ಟು ತೂತು. ಬಡಗಿ ಮಾನಪ್ಪನ ತೊಟ್ಟಿಲಿಗೆ ಕುಳಿತೆ. ತೊಟ್ಟಿಲಿಗೆ ಮೂರೇ ಕಾಲು ಉಳಿದವು. "ಕಾಕಾನ ಕಣ್ಣಾಗ ತೂತು ಬಿದ್ದೈತಿ" ಎಂದು ಕಾಶವ್ವ ನೀರಿನ ನಳದ ಹತ್ತಿರ ಹೇಳಿದಳು. ಅಂದಿನಿಂದ ಓಣಿಯ ಕೂಗು ನನ್ನ ಬಾಗಿಲು ದಾಟಿ ಮುಂದಿನ ಬಾಗಿಲಿಗೆ ಹೋಗತೊಡಗಿತು. ಕಣ್ಣು ಕೊಡದವನಿಗೆ ಮರುಕಣ್ಣು ಎಲ್ಲಿಂದ ಬರಬೇಕು?

ಹೀಗಿರುವಾಗ ಒಂದು ದಿನ ಪ್ರಭುಲಿಂಗ ಬಾಗಿಲಿಗೆ ಬಂದ. ಕಿವುಡ ಮಕ್ಕಳ ಶಾಲೆಯಲ್ಲಿ ಮಾಸ್ತರನಾಗಿರುವ ಹುಡುಗ.

"ಅಜ್ಜಾರ, ಕಣ್ಣ ಬೇಕಾಗೇತ್ರಿ."

"ನನ್ನ ಕಣ್ಣಿನ ಸುದ್ದಿ ನಿನಗ ಮುಟ್ಟಿಲ್ಲೇನಪ?"

"ಮುಟ್ಟೇತ್ರಿ. ಬ್ಯಾರೆ ಯಾರೂ ಸಿಗಲಿಲ್ಲ, ಅದಕ್ಕ ಬಂದೀನಿ."

ಹುಡುಗ ಸುಳ್ಳು ಹೇಳಲಿಲ್ಲವಲ್ಲ ಎಂದು ಒಳಗೆ ಕರೆದು ಕೂರಿಸಿದೆ. ಅವನು ವಿವರಿಸಿದ. ಕಂಪನಿ ಗಿಂಪನಿ ಇಲ್ಲದೆ ತಮ್ಮಷ್ಟಕ್ಕೆ ತಾವೇ ಕಂಪ್ಯೂಟರಿನಲ್ಲಿ ಆಟ ಕಟ್ಟುವ ಹುಡುಗ ಹುಡುಗಿಯರು ನಮ್ಮೂರಲ್ಲೂ ಇದ್ದಾರಂತೆ. ಅವರೆಲ್ಲ ಹಳೆಯ ಟಾಕೀಸಿನಲ್ಲಿ ಸೇರಿ, ಶುಕ್ರವಾರ ಕೈ ಹಚ್ಚಿ, ರವಿವಾರ ದೀಪ ಹಚ್ಚುವ ಹೊತ್ತಿಗೆ ಒಬ್ಬೊಬ್ಬರು ಒಂದೊಂದು ಹೊಸ ಆಟ ಮುಗಿಸಬೇಕು. ಅದಕ್ಕೆ ಗೇಮ್ ಜಾಮ್ ಎಂದು ಹೆಸರು. ಅವರು ಮಾಡುವುದನ್ನು ಕ್ಯಾಮೆರಾ ಇಟ್ಟು ತೋರಿಸುತ್ತಾರೆ. ಊರೂರಿನ ಜನ ತಮ್ಮ ಮನೆಯಲ್ಲೇ ಕುಳಿತು ನೋಡುತ್ತಾರೆ. ನೋಡಿದವರು ಮನಸ್ಸಿಗೆ ಬಂದಷ್ಟು ಕೊಡುತ್ತಾರೆ. ಅದರಿಂದ ಶಾಲೆಯ ಮಕ್ಕಳಿಗೆ ಕಿವಿಯ ಮಿಷಿನು.

"ಅಷ್ಟು ಮಂದಿ ನೋಡ್ತಾರಂದ್ರ ನಾ ಯಾಕ ಬೇಕು?"

"ದೂರದ ಕಣ್ಣ ನಮ್ಮೂರಿಗೆ ತಾಗಂಗಿಲ್ಲಲ್ರಿ ಅಜ್ಜಾರ. ಕುರ್ಚಿ ಮ್ಯಾಲ ಒಬ್ಬರು ಬೇಕ ಬೇಕು."

ಗೋಡೆಯ ಆಚೆಯಿಂದ ಕಾಶವ್ವ ಕೂಗಿದಳು. "ಹೋಗ್ರಿ ಕಾಕಾ, ಹೋಗ್ರಿ! ಕಂಪ್ಯೂಟರಿನ್ಯಾಗ ತೂತು ಬಿದ್ರ ಯಾರಿಗೆ ಕಾಣ್ತೈತಿ!"

ಎಲ್ಲರಿಗೂ ಕಾಣುತ್ತದೆ, ಊರೂರಿಗೂ ಕಾಣುತ್ತದೆ ಎಂಬುದು ನನಗೆ ತಿಳಿದೇ ಇತ್ತು. ಅಲ್ಲಿ ನನ್ನ ಕಣ್ಣು ನಿಂತರೆ ಓಣಿಯ ಕೂಗು ಮತ್ತೆ ನನ್ನ ಬಾಗಿಲಿಗೆ ಬರುತ್ತದೆ, ನನ್ನ ಒಲೆಯ ಮೇಲೆ ರೊಟ್ಟಿ ಮತ್ತೆ ರೊಟ್ಟಿಯಾಗಿ ಉಳಿಯುತ್ತದೆ. ನಿಲ್ಲದಿದ್ದರೆ ಇನ್ನು ಯಾರೂ ಕರೆಯುವುದಿಲ್ಲ. ಉಳಿದ ಆಯುಷ್ಯವೆಲ್ಲ ಮಠದ ಪಂಕ್ತಿಯೇ. ಹೋಗುತ್ತೇನೆ ಎಂದೆ.

ಟಾಕೀಸಿನಲ್ಲಿ ಈಗ ಸಿನೆಮಾ ಇಲ್ಲ. ಪರದೆಯ ಮುಂದೆ ಮೇಜು ಹಾಕಿ, ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹುಡುಗರು ಕುಳಿತಿದ್ದರು. ಪ್ರತಿಯೊಬ್ಬರ ಬದಿಗೂ ಒಂದು ಕುರ್ಚಿ, ಕುರ್ಚಿಯಲ್ಲಿ ಒಬ್ಬ ಮುದುಕ ಅಥವಾ ಮುದುಕಿ. ದುಡಿಯುವ ವಯಸ್ಸಿನವರೆಲ್ಲ ತಮ್ಮ ತಮ್ಮಲ್ಲೇ ಕಣ್ಣು ಕೊಟ್ಟು ತೆಗೆದುಕೊಂಡು ಮುಗಿಸಿರುತ್ತಾರೆ, ಉಳಿಯುವವರು ನಾವೇ. ನನ್ನ ಬದಿಯ ಮೇಜಿನಲ್ಲಿ ಫಕೀರಪ್ಪ ಕಂಡ. ನನಗಿಂತ ಒಂದೆರಡು ವರ್ಷ ಚಿಕ್ಕವನು. ಬಾಯಲ್ಲಿ ಯಾವಾಗಲೂ ಎಲೆಯಡಿಕೆ, ಮಾತಿಗೆ ಮೂಗುದಾರವಿಲ್ಲ. ಅವನ ಪಾಲಿಗೆ ಯಲ್ಲೇಶ ಎಂಬ ಹುಡುಗ. ಕೋಳಿ ಹಿಡಿಯುವ ಆಟ ಕಟ್ಟುತ್ತಿದ್ದ.

"ಬಾರೋ ಗುರುಪಾದ. ಆ ಲ್ಯಾಪ್‌ಟಾಪಿನ ಮೂಲ್ಯಾಗಿನ ಅಂಕಿ ಕಂಡಿ? ಅಷ್ಟು ಸಾವಿರ ಮಂದಿ ನೋಡಾಕತ್ತಾರಂತ. ಎಲ್ಲಾ ಸೇರಿ ಒಂದು ಕಪ್ ಚಹಾ ನಿಲ್ಲಸಾಕ ಆಗಂಗಿಲ್ಲ!" ಎಂದು ನಕ್ಕ.

ನನ್ನ ಪಾಲಿಗೆ ಬಂದವಳು ತಸ್ಲೀಮಾ, ಪೇಟೆಯಲ್ಲಿ ಬಳೆ ಅಂಗಡಿ ಇಟ್ಟಿರುವ ಮಹಬೂಬನ ಮಗಳು. ತೆಳ್ಳನೆಯ ಹುಡುಗಿ, ಉಗುರುಗಳನ್ನೆಲ್ಲ ಕಚ್ಚಿ ಕಚ್ಚಿ ಮೊಂಡು ಮಾಡಿಕೊಂಡಿದ್ದಳು. ಎದ್ದು ನಿಂತು ಸಲಾಮು ಮಾಡಿದಳು.

"ಅಜ್ಜಾರ, ಕುಂತಲ್ಲೇ ನಿದ್ದಿ ಬರೂದಿಲ್ಲಲ್ರಿ ನಿಮಗ?"

"ಇಲ್ಲವ್ವ. ರಾತ್ರಿನೂ ಬರಂಗಿಲ್ಲ ನನಗ."

"ಹಂಗಾದ್ರ ಚಲೋ ಆತು" ಎಂದವಳು ತಕ್ಷಣ ನಾಲಗೆ ಕಚ್ಚಿಕೊಂಡು ಕುರ್ಚಿ ಸರಿಸಿಕೊಟ್ಟಳು.

ಅವಳ ಆಟದಲ್ಲಿ ಒಂದು ಮಾಳಿಗೆ, ಮಾಳಿಗೆಯ ಮೇಲೆ ಕಟ್ಟಿದ ಹಗ್ಗಗಳು, ಒಂದು ಬುಟ್ಟಿ ತುಂಬ ಒದ್ದೆ ಬಟ್ಟೆ. ಆಡುವವರು ಬಟ್ಟೆಗಳನ್ನು ಒಣಹಾಕಬೇಕು. ಗಾಳಿ ಬೀಸುತ್ತದೆ. ಯಾವ ಗಾಳಿ ಯಾವ ಬಟ್ಟೆಯನ್ನು ಎತ್ತುತ್ತದೆ ಎಂದು ಅರಿತು, ಹಾರಿಹೋಗುವ ಮೊದಲು ಅದಕ್ಕೆ ಚಿಮಟಿ ಹಾಕಬೇಕು. ಧೋತರವನ್ನು ಎತ್ತುವ ಗಾಳಿ ಲಂಗವನ್ನು ಎತ್ತುವುದಿಲ್ಲ. ಕೂಸಿನ ಟೊಪ್ಪಿಗೆ, ಅಂದರೆ ಕುಲಾಯಿ, ಸುಮ್ಮನೆ ಉಸಿರು ಬಿಟ್ಟರೂ ಹಾರುತ್ತದೆ.

"ಗಾಳಿ ಚಲೋ ಆತಂದ್ರ ಗೇಮ್ ಚಲೋ ಆಗತೈತ್ರಿ ಅಜ್ಜಾರ. ಗಾಳಿ ಕೆಟ್ಟರ ಇದು ಬರೇ ಬಟ್ಟಿ ಒಣಾಕೋ ಕೆಲಸ. ಅದನ್ನ ಆಡಾಕ ಯಾರು ಬರ್ತಾರ? ಮನ್ಯಾಗ ನಮ್ಮಮ್ಮ ದಿನಾ ಮಾಡಸ್ತಾಳ."

ನಾನು ಕಣ್ಣು ಕೊಟ್ಟೆ. ಎಂದೂ ಕೊಡದಷ್ಟು ಕೊಟ್ಟೆ. ಕಣ್ಣು ಕೊಡುವುದೆಂದರೆ ಮಾಡುವ ಕೈಯನ್ನು ನೋಡುವುದು. ಕುಂಬಾರನಾದರೂ ಸರಿ, ಅಕ್ಕಸಾಲಿಗನಾದರೂ ಸರಿ, ಕೈ ನಡೆಯುವವರೆಗೆ ನೋಡಬೇಕು. ಕೈ ನಿಂತಾಗ ಕಣ್ಣು ತೆಗೆದು ಗೋಡೆಯ ಕಡೆ ತಿರುಗಬೇಕು. ಸುಮ್ಮನೆ ಕುಳಿತವರ ಮುಖ ದಿಟ್ಟಿಸುವುದು ಮರ್ಯಾದೆಯಲ್ಲ. ಚಿಕ್ಕ ಮಕ್ಕಳಿಗೂ ನಾವು ಇದನ್ನು ಮೊದಲು ಕಲಿಸುತ್ತೇವೆ. ಅದರಲ್ಲೂ ಪರರ ಮನೆಯ ಹೆಣ್ಣುಮಗಳು. ಅವಳ ಬೆರಳು ಕೀಲಿಗಳ ಮೇಲೆ ಓಡುವಾಗ ನಾನು ಬೆರಳನ್ನೇ ನೋಡಿದೆ. ಅವಳು ಬೆರಳು ನಿಲ್ಲಿಸಿ, ಹಿಂದಕ್ಕೆ ಒರಗಿ, ಉಗುರು ಬಾಯಿಗಿಟ್ಟುಕೊಂಡಾಗ ಮುಖ ತಿರುಗಿಸಿ, ಟಾಕೀಸಿನ ಗೋಡೆಯ ಮೇಲೆ ಉಳಿದುಹೋದ ಹಳೆಯ ಜಾಹೀರಾತುಗಳನ್ನು ಓದಿದೆ. ಅವಳು ಹಾಗೆ ಕೂರುವುದೇ ಹೆಚ್ಚು, ಬೆರಳು ಓಡುವುದು ಕಡಿಮೆ.

ಸಂಜೆ ಅವಳು ಆಟವನ್ನು ನಡೆಸಿ ನೋಡಿದಳು. ಮಾಳಿಗೆ ನಿಂತಿತ್ತು. ಹಗ್ಗ ನಿಂತಿತ್ತು. ಧೋತರ, ಲಂಗ, ಕುಲಾಯಿ ಎಲ್ಲವೂ ಅವಳು ಬರೆದ ಹಾಗೆಯೇ ಇದ್ದವು. ಗಾಳಿ ಮಾತ್ರ ಇರಲಿಲ್ಲ. ಬಟ್ಟೆಗಳು ಸತ್ತ ಬಾವಲಿಗಳ ಹಾಗೆ ಜೋತುಬಿದ್ದಿದ್ದವು.

"ಈಗ ಇತ್ತು" ಎಂದಳು ತಸ್ಲೀಮಾ. "ಅಜ್ಜಾರ, ಈಗ ಇತ್ರಿ ಗಾಳಿ."

ಮೂಲೆಯಲ್ಲಿ ದೂರದ ಜನ ಬರೆಯುವ ಅಕ್ಷರಗಳು ಸರಸರನೆ ಮೇಲೇರುತ್ತಿದ್ದವು. ಅವಳು ಓದಿ ಹೇಳಿದಳು. "ಬಗ್ ಇರಬೇಕು ಅಂತಾರ."

"ಹಂಗಂದ್ರ?"

"ಹುಳ ಅಂತ. ಕೋಡಿನ್ಯಾಗ ಹುಳ ಹೊಕ್ಕೇತಂತ."

"ಹುಳ ಅಲ್ಲವ್ವ. ನನ್ನ ಕಣ್ಣದು."

ಅವಳು ಕುರ್ಚಿ ಎಳೆದುಕೊಂಡು ಗಾಳಿಯನ್ನು ಮೊದಲಿನಿಂದ ಕಟ್ಟತೊಡಗಿದಳು.

ಮರುದಿನ ಇನ್ನೂ ಗಟ್ಟಿಯಾಗಿ ಕುಳಿತೆ. ಹೆಂಡತಿಯ ನೆನಪು ಬಾಗಿಲಿಗೆ ಬಂದಾಗಲೆಲ್ಲ ಆಮೇಲೆ ಬಾ ಎಂದು ಹಿಂದಕ್ಕೆ ಕಳಿಸಿದೆ. ಶಿವ ಬಲ್ಲ, ಅಂದು ಆ ಬೆರಳುಗಳನ್ನು ಬಿಟ್ಟು ನನ್ನ ಮನಸ್ಸು ಎಲ್ಲಿಗೂ ಹೋಗಲಿಲ್ಲ. ಆದರೂ ಮಧ್ಯಾಹ್ನಕ್ಕೆ ನೋಡಿದರೆ ಗಾಳಿಯಿಲ್ಲ. ಅವಳು ಮತ್ತೆ ಕಟ್ಟಿದಳು. ಸಂಜೆಗೆ ಮತ್ತೆ ಇಲ್ಲ. ಈ ಸಲ ಅವಳು ಕುರ್ಚಿಯನ್ನು ನನ್ನ ಕಡೆಗೇ ತಿರುಗಿಸಿದಳು. ಕಣ್ಣಲ್ಲಿ ನೀರಿತ್ತು.

"ಖರೇ ಹೇಳ್ರಿ ಅಜ್ಜಾರ. ಏನ್ ವಿಚಾರ ಮಾಡಾಕತ್ತಿದ್ರಿ?"

"ನಿನ್ನ ಕೈ ಬಿಟ್ಟು ಬ್ಯಾರೆ ಏನೂ ನೋಡಿಲ್ಲ ತಂಗಿ. ಲಿಂಗದಾಣಿ."

ಲಿಂಗದ ಮೇಲೆ ಆಣೆಯಿಟ್ಟದ್ದು ಕೇಳಿ ಅವಳು ಕಣ್ಣೊರೆಸಿಕೊಂಡು ಕುರ್ಚಿಯನ್ನು ಮೇಜಿನ ಕಡೆಗೆ ತಿರುಗಿಸಿದಳು. ಪ್ರಭುಲಿಂಗ ಬಂದು ನಮ್ಮಿಬ್ಬರ ಬೆನ್ನ ಹಿಂದೆ ನಿಂತ. ಬೇರೆ ಯಾರಾದರೂ ಸಿಗುತ್ತಾರೇನೋ ನೋಡುತ್ತೇನೆ, ನಾಳೆ ಹೊತ್ತೇರುವವರೆಗೆ ನೀವೇ ಇರಿ ಎಂದ. ಬಹಳ ಮೆತ್ತಗೆ ಹೇಳಿದ. ದಾಸೋಹದಲ್ಲಿ ಅಂದು ನನ್ನ ಎಲೆ ಬಡಿಸಿದ್ದು ಬಡಿಸಿದಂತೆಯೇ ಉಳಿಯಿತು. ಬಡಿಸುವವನು ಬಂದು ಎಲೆ ನೋಡಿ ಮುಂದೆ ಹೋದ.

ರವಿವಾರ ಬೆಳಿಗ್ಗೆ ಟಾಕೀಸಿನ ಮೆಟ್ಟಿಲ ಮೇಲೆ ಫಕೀರಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದ. ಅವನ ಹುಡುಗನ ಆಟದಲ್ಲಿ ಒಂದು ಪುಕ್ಕವೂ ಮಾಯವಾಗಿರಲಿಲ್ಲ. ಫಕೀರಪ್ಪನ ಕಣ್ಣೆಂದರೆ ಕಣ್ಣು ಎಂದು ಹುಡುಗರೆಲ್ಲ ಮಾತಾಡಿಕೊಳ್ಳುತ್ತಿದ್ದರು. ಯಲ್ಲೇಶ ಮಾತ್ರ ಪ್ರಭುಲಿಂಗನನ್ನು ತಡೆದು ನಿಲ್ಲಿಸಿ ದೂರು ಹೇಳುತ್ತಿದ್ದ.

"ಸರ, ಈ ಅಜ್ಜನ್ನ ಆ ಕಡೆ ಕುಂದರಸ್ರಿ. ನಾ ಸುಮ್ನ ಕುಂತಾಗೂ ಮಾರಿ ನೋಡ್ತಾನ್ರಿ. ಹಲ್ಲ ಕಿಸೀತಾನ. ನಾಚಿಕಿ ಬರತೈತಿ ನನಗ."

"ಲೇ ಮಗನ" ಎಂದ ಫಕೀರಪ್ಪ, "ನೀ ಮೂಗಿನ್ಯಾಗ ಬೆರಳ ಇಟ್ಕೊಂಡು ಅರ್ಧ ತಾಸು ಕುಂದರ್ತಿ, ಆಮ್ಯಾಲ ತಟಕ್ ಅಂತ ನಕ್ಕು ಟಕಾ ಟಕಾ ಒತ್ತತಿ. ಆ ನಗು ಎಲ್ಲಿಂದ ಬರತೈತಂತ ನೋಡಾಕ ಮಜಾ ಐತಲೇ. ಟಾಕೀಸಿನ್ಯಾಗ ಕುಂತು ಗ್ವಾಡಿ ನೋಡ್ಲೇನು ನಾ?"

ಎಲ್ಲರೂ ನಕ್ಕರು. ನಾನು ಮೆಟ್ಟಿಲ ಮೇಲೆಯೇ ನಿಂತುಬಿಟ್ಟೆ. ಎರಡು ದಿನ ಗೋಡೆ ನೋಡಿದವನು ನಾನೇ. ಕುಂಬಾರನ ಕೈ ನಿಂತರೆ ಗಡಿಗೆಯೂ ನಿಂತಿರುತ್ತದೆ. ಈ ಮಕ್ಕಳ ಕೆಲಸ ಹಾಗಲ್ಲ. ಮಾಳಿಗೆ, ಹಗ್ಗ, ಲಂಗ ಇವು ಬೆರಳಿನಿಂದ ಬಂದವು. ನಾನು ಬೆರಳನ್ನು ನೋಡಿದ್ದೆ, ಆದ್ದರಿಂದ ಉಳಿದವು. ಗಾಳಿಯನ್ನು ಅವಳು ಉಗುರು ಕಚ್ಚುತ್ತ ಕುಳಿತಾಗ ಮಾಡುತ್ತಿದ್ದಳು. ಆಗ ಅವಳ ಬಳಿ ಯಾರೂ ಇರಲಿಲ್ಲ. ನಾನು ಮರ್ಯಾದಸ್ಥನಾಗಿ ಮುಖ ತಿರುಗಿಸಿ ಅವಳನ್ನು ಒಂಟಿಯಾಗಿ ಬಿಟ್ಟಿದ್ದೆ.

ಒಳಗೆ ಹೋದೆ. ಹೇಗೆ ಕೇಳುವುದೆಂದು ತಿಳಿಯದೆ ತಲೆಯ ರುಮಾಲು ತೆಗೆದು ಮತ್ತೆ ಸುತ್ತಿಕೊಂಡೆ.

"ತಂಗಿ, ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ. ನೀ ಸುಮ್ನ ಕುಂತಾಗ ನಿನ್ನ ಮಖ ನೋಡಬೇಕಾಗೇತಿ. ನೋಡ್ಲೇನು?"

ಅವಳು ಕಣ್ಣರಳಿಸಿದಳು. ನಾನು ಗಾಳಿಯ ವಿಷಯ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಕೈ ತಾನಾಗಿಯೇ ಬಾಯಿಯ ಹತ್ತಿರ ಹೋಗಿ ಅರ್ಧದಲ್ಲಿ ನಿಂತಿತು.

"ನೋಡ್ರಿ ಅಜ್ಜಾರ" ಎಂದಳು. "ಆದರ ನಾ ಎಷ್ಟು ಉಗುರು ಕಚ್ಚತೀನಂತ ನಮ್ಮಮ್ಮಗ ಹೇಳಬ್ಯಾಡ್ರಿ."

"ನಾ ಯಾಕ ಹೇಳ್ಲಿ. ಊರೂರಿನ ಮಂದಿ ನೋಡಾಕತ್ತಾರಲ್ಲ, ಅವರ ಬಾಯಿ ಮುಚ್ಚಸು."

ಅವಳು ನಕ್ಕು, ಹಿಂದಕ್ಕೆ ಒರಗಿ, ಚಾವಣಿ ನೋಡತೊಡಗಿದಳು. ನಾನು ಅವಳ ಮುಖ ನೋಡತೊಡಗಿದೆ.

ಇದು ಸುಲಭವೆಂದು ತಿಳಿಯಬೇಡಿ. ನಡೆಯುವ ಕೈಯ ಮೇಲೆ ಕಣ್ಣು ತಾನೇ ಕೂರುತ್ತದೆ. ಏನೂ ಮಾಡದೆ ಕುಳಿತ ಮುಖದ ಮೇಲಿಂದ ನೀರಿನ ಹಾಗೆ ಜಾರುತ್ತದೆ. ಹುಬ್ಬು ಒಮ್ಮೆ ಗಂಟಿಕ್ಕಿತು, ಸಡಿಲವಾಯಿತು. ತುಟಿ ಏನೋ ಎಣಿಸಿತು. ಮೂಗಿನ ಪಕ್ಕದಲ್ಲಿ ಒಂದು ಮಚ್ಚೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಬದಿಯ ಮೇಜಿನಲ್ಲಿ ಕೋಳಿ ಕೂಗಿದವು, ಯಾರಾದರೂ ಕಣ್ಣು ಕೊಡಿರೆಂದು ಚಹದವನು ಕೂಗಿದ, ನಾನು ತಿರುಗಲಿಲ್ಲ. ತಿರುಗದೆ ಇರಲು ನನಗೆ ಬಂದದ್ದು ಒಂದೇ ವಿದ್ಯೆ. ಬಾಲ್ಯದಲ್ಲಿ ದೀಕ್ಷೆಯಾದಂದಿನಿಂದ ದಿನ ಬೆಳಗಾದರೆ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ರೆಪ್ಪೆ ಬಡಿಯದೆ ನೋಡುತ್ತ ಬಂದಿದ್ದೇನೆ. ಲಿಂಗ ಏನು ಮಾಡುತ್ತದೆ? ಅಲುಗುವುದಿಲ್ಲ, ನುಡಿಯುವುದಿಲ್ಲ. ಕಪ್ಪಗೆ ಸುಮ್ಮನೆ ಇರುತ್ತದೆ. ಆದರೂ ನೋಡುತ್ತೇವೆ. ಹೀಗೆ ಹೋಲಿಸಿದ್ದನ್ನು ಶಿವ ಕ್ಷಮಿಸಲಿ, ಅಂದು ನಾನು ಆ ಹುಡುಗಿಯ ಮುಖವನ್ನು ಹಾಗೆಯೇ ನೋಡಿದೆ.

ಹಾಗೆ ನೋಡುತ್ತಿರುವಾಗ ನೀಲಗಂಗವ್ವ ಬಂದಳು. ಹಿಂದಕ್ಕೆ ಕಳಿಸಲು ಹೋದೆ. ಆದರೆ ಆಕೆ ನನ್ನ ಕಣ್ಣಿಗೆ ಅಡ್ಡ ನಿಲ್ಲಲಿಲ್ಲ. ಬದಿಯಲ್ಲಿ ಕುಳಿತು ನನ್ನೊಡನೆ ತಾನೂ ನೋಡಿದಳು ಎನ್ನಿಸಿತು. ವಿಭೂತಿ ಗಟ್ಟಿಗಳನ್ನು ಬಿಸಿಲಿಗಿಟ್ಟು, ಕೈ ತೊಳೆದು, ನಾನು ಕಟ್ಟೆಯ ಮೇಲೆ ಸುಮ್ಮನೆ ಕೂರುತ್ತಿದ್ದೆ. ಆಕೆ ಬಾಗಿಲ ಚೌಕಟ್ಟಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. "ಏನ್ ನೋಡ್ತಿ?" ಎಂದರೆ "ಏನಿಲ್ಲ" ಎನ್ನುತ್ತಿದ್ದಳು. ಕೆಲಸ ಮುಗಿದ ಮೇಲೂ ನೋಡುತ್ತಾಳಲ್ಲ, ಎಂಥ ಮರುಳು ಎಂದುಕೊಳ್ಳುತ್ತಿದ್ದೆ. ಆಕೆ ಹೋದ ಮೇಲೆ ನನ್ನ ರೊಟ್ಟಿ ಹಿಟ್ಟಾದದ್ದನ್ನು ಊರೆಲ್ಲ ಬಲ್ಲದು. ಕೈ ತೊಳೆದು ಕಟ್ಟೆಯ ಮೇಲೆ ಕುಳಿತ ಹೊತ್ತಿನಲ್ಲಿ ನಾನು ಏನಾಗುತ್ತಿದ್ದೇನೆಂದು ಯಾರು ಬಲ್ಲರು? ನನಗೇ ತಿಳಿದಿರಲಿಲ್ಲ.

ತಸ್ಲೀಮಾ ತಟಕ್ಕನೆ ನೆಟ್ಟಗೆ ಕುಳಿತಳು. ಫಕೀರಪ್ಪ ಹೇಳಿದ ಆ ನಗು ಅವಳ ಮುಖದಲ್ಲಿಯೂ ಬಂತು. ಎಲ್ಲಿಂದ ಬಂತೆಂದು ನಾನು ಕಂಡೆ, ಹೇಳಲು ಬಾರದು. ಬೆರಳು ಓಡಿದವು.

ಸ್ವಲ್ಪ ಹೊತ್ತಿಗೆ ಅವಳು ಆಟವನ್ನು ನಡೆಸಿದಳು. ಮಾಳಿಗೆಯ ಅಂಚಿನಲ್ಲಿ ನೇತಾಡುತ್ತಿದ್ದ ಕುಲಾಯಿ ಒಂದು ಸಲ ಅಲುಗಿತು. ನಾವಿಬ್ಬರೂ ಉಸಿರು ಹಿಡಿದೆವು. ಧೋತರದ ತುದಿ ಎದ್ದಿತು. ಆಮೇಲೆ ಹಗ್ಗದ ಉದ್ದಕ್ಕೂ ಒಂದಾದ ಮೇಲೊಂದು ಬಟ್ಟೆ ಹೊಟ್ಟೆಯುಬ್ಬಿಸಿಕೊಂಡು, ಬೀಳುತ್ತ, ಮತ್ತೆ ಉಬ್ಬುತ್ತ, ಇಡೀ ಮಾಳಿಗೆ ಹೊರಡಲು ನಿಂತ ಹಡಗಿನಂತಾಯಿತು.

"ಅಜ್ಜಾರ, ರೆಪ್ಪಿ ಬಡೀಬ್ಯಾಡ್ರಿ!" ಎಂದಳು.

"ನನ್ನ ರೆಪ್ಪಿ ಚಿಂತಿ ಬಿಡು. ಆ ಕುಲಾಯಿಗೆ ಚಿಮಟಿ ಹಾ..."

ಹಾಕುವಷ್ಟರಲ್ಲಿ ಕುಲಾಯಿ ಹಾರಿಹೋಯಿತು. ಅವಳು ಚಪ್ಪಾಳೆ ತಟ್ಟಿ ನಕ್ಕಳು. ಗಾಳಿ ಉಳಿಯಿತು. ನಡೆಸಿ ನಡೆಸಿ ನೋಡಿದರೂ ಉಳಿಯಿತು. ಪ್ರಭುಲಿಂಗ ಇನ್ನೊಬ್ಬ ಮುದುಕನನ್ನು ಕೈ ಹಿಡಿದು ಕರೆತಂದವನು, ಬಾಗಿಲಿನಿಂದಲೇ ನಮ್ಮ ಬಟ್ಟೆಗಳು ಹಾರುವುದನ್ನು ಕಂಡು, ಅವನನ್ನು ಹಾಗೆಯೇ ಚಹದಂಗಡಿಗೆ ಕರೆದುಕೊಂಡು ಹೋದ. ಬದಿಯ ಮೇಜುಗಳಿಗೂ ಸುದ್ದಿ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಟಾಕೀಸಿನ ತುಂಬ ಮುದುಕ ಮುದುಕಿಯರು ಸುಮ್ಮನೆ ಕುಳಿತ ಮಕ್ಕಳ ಮುಖ ನೋಡುತ್ತಿದ್ದರು. ಮಕ್ಕಳು ನಾಚಿ ಕೆಂಪಾಗಿದ್ದರು. ದೀಪ ಹಚ್ಚುವ ಹೊತ್ತಿಗೆ ಶಾಲೆಯ ಮಕ್ಕಳು ಬಂದು ಎಲ್ಲ ಆಟಗಳನ್ನೂ ಆಡಿದರು. ಬಟ್ಟೆಯ ಆಟವನ್ನು ಆಡುವಾಗ ಒಬ್ಬ ಹುಡುಗಿ ತನ್ನ ತಲೆಯ ಮೇಲಿನ ಓಢಣಿಯನ್ನು ಕೈಯಿಂದ ಹಿಡಿದುಕೊಂಡಳು.

ಹೊರಡುವಾಗ ತಸ್ಲೀಮಾ "ನಾಳೆ ಮರುಕಣ್ಣಿಗೆ ಬರ್ತೀನ್ರಿ ಅಜ್ಜಾರ" ಎಂದಳು.

ಓಣಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಮುಂಜಾನೆ ಕಾಶವ್ವನ ಕೂಗು ನನ್ನ ಬಾಗಿಲಿಗೆ ಬಂದು ನಿಂತಿತು. "ಕಾಕಾ, ಹಪ್ಪಳ ಮಾಡಾಕತ್ತೀನಿ, ಕಣ್ಣ ಕೊಡ್ರಿ. ತೂತು ಬಿದ್ರ ನಿಮ್ಮನ್ನ ಕರದು ತಿನ್ನಸ್ತೀನಿ ಮತ್ತ!" ಕೊಟ್ಟೆ. ಒಂದೂ ತೂತು ಬೀಳಲಿಲ್ಲ. ಈಗ ಇದನ್ನು ಬರೆಯುತ್ತಿರುವಾಗಲೂ ಕಾಶವ್ವನೇ ಎದುರು ಕುಳಿತು ನನ್ನ ಕೈ ನೋಡುತ್ತಿದ್ದಾಳೆ. ಆಕೆಗೆ ಓದು ಬಾರದಿರುವುದರಿಂದ ಆಕೆಯ ವಿಷಯವನ್ನು ಇದ್ದಂತೆಯೇ ಬರೆದಿದ್ದೇನೆ. ನಾನು ಲೇಖನಿ ಎತ್ತಿ ಯೋಚಿಸಿದಾಗಲೆಲ್ಲ ಆಕೆ ಮರ್ಯಾದೆಯಿಂದ ಗೋಡೆಯ ಕಡೆ ತಿರುಗುತ್ತಾಳೆ. ಅದರಿಂದ ಈ ಬರಹದಲ್ಲಿ ಅಲ್ಲಲ್ಲಿ ಏನೋ ಬಿಟ್ಟುಹೋದಂತೆ ಕಂಡರೆ ಓದುವವರು ಮನ್ನಿಸಬೇಕು.

ತಸ್ಲೀಮಾ ಹೇಳಿದ ಮಾತಿಗೆ ತಪ್ಪದೆ ಮಧ್ಯಾಹ್ನ ಬಂದಳು. ನಾನು ಒಲೆ ಹಚ್ಚಿ ಸಿದ್ಧನಾಗಿದ್ದೆ. ಹಂಚು ಕಾಯುತ್ತಿತ್ತು, ಜೋಳದ ಹಿಟ್ಟು ಪರಾತದಲ್ಲಿತ್ತು, ಬಿಸಿನೀರು ಪಕ್ಕದಲ್ಲಿತ್ತು. ಅವಳು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಗೋಡೆಗೆ ಒರಗಿ ಕುಳಿತಳು. ಅವಳ ಫೋನು ಗುನುಗಿತು. ತೆಗೆದು ನೋಡದೆ ಚೀಲದೊಳಗೆ ತುರುಕಿದಳು.

"ರೊಟ್ಟೀನ್ರಿ ಅಜ್ಜಾರ? ಹ್ಞೂಂ, ಬಡೀರಿ. ನಾ ನೋಡ್ತೀನಿ."

ನಾನು ಹಿಟ್ಟಿಗೆ ನೀರು ಹಾಕಲು ತಂಬಿಗೆ ಎತ್ತಿದೆ. ಒಂದು ಕೆಲಸಕ್ಕೆ ಒಂದೇ ಮರುಕಣ್ಣು. ರೊಟ್ಟಿಗೆ ಇನ್ನು ಕಾಶವ್ವನಿದ್ದಾಳೆ, ಮಾನಪ್ಪನಿದ್ದಾನೆ, ಓಣಿಯವರೆಲ್ಲ ಇದ್ದಾರೆ. ನನಗೆ ಮರುಕಣ್ಣು ಕೊಡುವವರಲ್ಲಿ, ನನ್ನ ಕೈ ನಿಂತ ಮೇಲೂ ಕಣ್ಣು ತೆಗೆಯದೆ ಕೂರಬೇಕೆಂದು ತಿಳಿದವಳು ಇವಳೊಬ್ಬಳೇ. ತಂಬಿಗೆಯನ್ನು ಕೆಳಗಿಟ್ಟೆ. ಒಲೆಯ ಕಟ್ಟಿಗೆಯನ್ನು ಹಿಂದಕ್ಕೆ ಎಳೆದೆ. ಕೈ ಒರೆಸಿಕೊಂಡು, ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತೆ.

ಅವಳು ಒಂದು ಕ್ಷಣ ಪರಾತವನ್ನು ನೋಡಿದಳು, ನನ್ನ ಕೈಗಳನ್ನು ನೋಡಿದಳು. ಆಮೇಲೆ ನೆಟ್ಟಗೆ ಕುಳಿತು ನನ್ನ ಮುಖ ನೋಡತೊಡಗಿದಳು. ಗಿರಣಿಯ ಸದ್ದು ನಿಂತು ಓಣಿಯೆಲ್ಲ ಶಾಂತವಾಗಿತ್ತು. ಹಂಚು ಆರಿತು. ನನ್ನ ಗಡ್ಡದೊಳಗೆ ಏನೋ ಬಿಸಿಯಾಗಿ ಇಳಿಯಿತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಅವಳೂ ಕಣ್ಣು ತೆಗೆಯಲಿಲ್ಲ.

ಬಹಳ ಹೊತ್ತಾದ ಮೇಲೆ ಅವಳು ಪಿಸುಮಾತಿನಲ್ಲಿ ಕೇಳಿದಳು. "ಏನ್ ಮಾಡಾಕತ್ತೀರಿ ಅಜ್ಜಾರ?"

"ಗೊತ್ತಿಲ್ಲವ್ವ" ಎಂದೆ. "ಮುಗದ ಮ್ಯಾಲ ಹೇಳ್ತೀನಿ."